ಒಡೆದ ದನದ ತೊಟ್ಟಿಯಲ್ಲಿ ಜೌಗು ಐರಿಸ್

ಕೊಟ್ಟಿಗೆಯ ಹಿಂದೆ ದನಗಳಿಗೆ ನೀರು ತುಂಬಿಸುತ್ತಿದ್ದ ಸಿಮೆಂಟ್ ತೊಟ್ಟಿ ಬಹಳ ಕಾಲದಿಂದ ಒಣಗಿ ನಿಂತಿತ್ತು. ಹತ್ತು ಅಡಿ ಉದ್ದ, ನಾಲ್ಕು ಅಡಿ ಅಗಲ, ಎರಡು ಅಡಿ ಆಳ. ಬಡಗಣ ಗೋಡೆಯಲ್ಲಿ ಕಂಠದಿಂದ ತಳದವರೆಗೆ ಒಂದು ಸೀಳು. ನಾಣ್ಯವೊಂದು ಸಲೀಸಾಗಿ ತೂರುವಷ್ಟು. ಮೇಸ್ತ್ರಿ ಬಂದು ನೋಡಿ, "ಇದಕ್ಕೆ ತೇಪೆ ಹಾಕುವುದಕ್ಕಿಂತ ಒಡೆದುಬಿಡಿ ಅಮ್ಮ, ಕಲ್ಲುಮಣ್ಣಾದರೂ ದಾರಿಗೆ ಆಗುತ್ತದೆ" ಎಂದರು. ಒಡೆಸಲಿಲ್ಲ, ತೇಪೆಯನ್ನೂ ಹಾಕಿಸಲಿಲ್ಲ. ಅದೇ ಸೀಳುಬಿಟ್ಟ ತೊಟ್ಟಿಯನ್ನು ಐರಿಸ್ ಎಂಬ ಹೂಗಿಡಕ್ಕಾಗಿ ಜೌಗು ಪಾತಿಯಾಗಿ ಮಾಡಿಕೊಂಡೆ. ಹೇಗೆ ಮಾಡಿದೆ, ಏನು ಹಾಕಿದೆ, ಏಕೆ ಹಾಗೆ ಹಾಕಿದೆ ಎಂಬುದರ ವಿವರ ಇಲ್ಲಿದೆ.

ಊರು ತುಮಕೂರು ಜಿಲ್ಲೆಯ ಕೊರಟಗೆರೆ ತಾಲ್ಲೂಕು. ಬಯಲುಸೀಮೆಯಲ್ಲಿ ಜೌಗು ಗಿಡವೇ ಎಂದು ಕೇಳುವವರಿಗೆ ಒಂದು ಮಾತು: ಜಯಮಂಗಲಿ ನದಿಯ ಕಣಿವೆಯಲ್ಲಿ ತಲಪರಿಗೆಗಳೆಂಬ ಏರ್ಪಾಡು ಇತ್ತು. ಮರಳಿನ ಪಾತ್ರದಲ್ಲಿ ಒಸರುವ ಒರತೆಯ ನೀರನ್ನು ಕಾಲುವೆ ತೋಡಿ ಗದ್ದೆಗೆ ಹರಿಸಿಕೊಳ್ಳುತ್ತಿದ್ದರು. ಕೊರಟಗೆರೆ ಬಜೆಯ ಬೆಳೆಗೆ ಇಂದಿಗೂ ಹೆಸರಾದ ತಾಲ್ಲೂಕು. ಕೂಸಿನ ನಾಲಿಗೆಗೆ ತೇದು ನೆಕ್ಕಿಸುವ ಬಜೆ ಅಂಗಡಿಯಲ್ಲಿ ಒಣಗಿದ ತುಂಡಾಗಿ ಸಿಗುತ್ತದೆ. ಗದ್ದೆಯಲ್ಲಿ ಅದು ಭತ್ತದ ಹಾಗೆಯೇ ಕೆಸರಿನಲ್ಲಿ ನಿಂತು ಬೆಳೆಯುವ ಗಿಡ. ನಮ್ಮ ತೋಟದ ಕೆಳಗಿನ ತಾತ ಬಜೆ ಹಾಕುತ್ತಾರೆ. ನನ್ನ ಐರಿಸ್ ಸಸಿಗಳನ್ನು ಮೊದಲು ಕಂಡಾಗ ಅವರು, "ಇದೇನು ತಾಯಿ, ಬಜೆಯನ್ನು ಕುಂಡದಲ್ಲಿ ಸಾಕಿದ್ದೀರಿ?" ಎಂದಿದ್ದರು. ಎಲೆ ಅಷ್ಟು ಹೋಲುತ್ತದೆ. ಗುರುತು ಹಿಡಿಯಬೇಕಾದರೆ ಎಲೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ಬಜೆಯ ಎಲೆಯಲ್ಲಿ ಉಬ್ಬಿದ ನಡುನರ ನಟ್ಟನಡುವೆ ಹೋಗದೆ ಒಂದು ಪಕ್ಕಕ್ಕೆ ಸರಿದಿರುತ್ತದೆ, ಅಂಚು ಅಲ್ಲಲ್ಲಿ ಸುಕ್ಕುಗಟ್ಟಿರುತ್ತದೆ. ಹಿಸುಕಿದರೆ ಘಮಘಮ. ಐರಿಸ್ ಎಲೆಯನ್ನು ಎಷ್ಟು ಹಿಸುಕಿದರೂ ಹಸಿರು ವಾಸನೆಯಷ್ಟೇ.

ನನ್ನಲ್ಲಿದ್ದದ್ದು ಎರಡು ಬಗೆ. ಒಂದು ಲೂಯಿಸಿಯಾನ ಐರಿಸ್. ಅಮೆರಿಕದ ದಕ್ಷಿಣದ ಜೌಗು ನೆಲದ ಐದು ಜಾತಿಗಳನ್ನು ಬೆರೆಸಿ ಪಡೆದ ತಳಿಗಳಿಗೆ ಒಟ್ಟಾಗಿ ಇರುವ ಹೆಸರು. ಇನ್ನೊಂದು ಜಪಾನಿ ಐರಿಸ್, ಐರಿಸ್ ಎನ್ಸಾಟಾ. ಎಡೋ ಕಾಲದಿಂದ, ಅಂದರೆ ಹದಿನೇಳನೆಯ ಶತಮಾನದಿಂದ, ಜಪಾನಿನವರು ತಳಿ ಮೇಲೆ ತಳಿ ಎಬ್ಬಿಸಿದ ಅಗಲ ಎಸಳಿನ ಹೂವು. ಎರಡನ್ನೂ ಬೆಂಗಳೂರಿನ ಗಿಡಪ್ರಿಯರೊಬ್ಬರು ಗೆಡ್ಡೆ ಒಡೆದಾಗ ಕೊಟ್ಟರು. ಹಳದಿ ಹೂವಿನ ಐರಿಸ್ ಸ್ಯೂಡಕೋರಸ್ ಕೂಡ ಕೊಡಲು ಬಂದರು, ಬೇಡವೆಂದೆ. ಯುರೋಪಿನ ಆ ಗಿಡ ಅಮೆರಿಕದ ಹಳ್ಳಕೊಳ್ಳಗಳಲ್ಲಿ ನುಗ್ಗಿ ಹರಡಿ ತಲೆನೋವಾಗಿದೆ. ಪಾರ್ಥೇನಿಯಂ ಮತ್ತು ಲಂಟಾನ ಕಂಡ ನಾವು ಹಳ್ಳದ ದಂಡೆಯಲ್ಲಿ ಇನ್ನೊಂದನ್ನು ತಂದು ಬಿಡುವ ಅಗತ್ಯವಿಲ್ಲ.

ಚಳಿನಾಡಿನವರು ಹೇಗೆ ಮಾಡುತ್ತಾರೆ

ನೀರು ಬಯಸುವ ಐರಿಸ್ ಬಗ್ಗೆ ಓದಲು ಕುಳಿತರೆ ಸಿಗುವುದೆಲ್ಲ ಹಿಮ ಬೀಳುವ ದೇಶದವರ ಬರಹ. ಚಳಿಗಾಲ ದಾಟಿಸುವುದು ಹೇಗೆ ಎಂಬುದೇ ಅವರ ಚಿಂತೆ. ನಮಗೆ ಡಿಸೆಂಬರ್‌ನಲ್ಲಿ ಬೆಳಗಿನ ಜಾವ ಒಂದು ಸ್ವೆಟರ್ ಸಾಕು. ಹಾಗೆಂದು ಆ ಬರಹಗಳನ್ನು ಬದಿಗಿಡಲಿಲ್ಲ, ಏಕೆಂದರೆ ತಮ್ಮನ ಮಗಳು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಹಿತ್ತಲಿನ ಸಣ್ಣ ಕೊಳದ ಸುತ್ತ ಇವೇ ಗಿಡಗಳನ್ನು ಸಾಕುತ್ತಾಳೆ. ಅಲ್ಲಿ ಮನೆಯ ತಳಪಾಯ ಕನಿಷ್ಠ ಮೂರೂವರೆ ಅಡಿ ಆಳಕ್ಕೆ ಇಳಿಯಬೇಕೆಂಬ ನಿಯಮವಿದೆ; ನೆಲ ಅಷ್ಟು ಆಳದವರೆಗೆ ಹೆಪ್ಪುಗಟ್ಟಬಹುದೆಂಬ ಲೆಕ್ಕ.

ಅಂಥ ನೆಲದಲ್ಲಿ ಗೆಡ್ಡೆಯನ್ನು ಬೆಚ್ಚಗಿಡುವುದು ಹೇಗೆ ಎಂದು ಕೇಳಿದೆ. "ಬೆಚ್ಚಗಿಡುವುದಲ್ಲ ಅತ್ತೆ, ತಣ್ಣಗೇ ಇಡುವುದು. ಒಮ್ಮೆ ಹೆಪ್ಪುಗಟ್ಟಿದರೆ ವಸಂತದವರೆಗೆ ಅದು ಹಾಗೆಯೇ ಇರಬೇಕು" ಎಂದಳು. ನಡುವೆ ಎರಡು ದಿನ ಬಿಸಿಲು ಬಂದು ಮಣ್ಣು ಕರಗಿ, ರಾತ್ರಿ ಮತ್ತೆ ಹೆಪ್ಪುಗಟ್ಟಿದರೆ ಮಣ್ಣಿನೊಳಗಿನ ನೀರು ಉಬ್ಬಿ ಗೆಡ್ಡೆಯನ್ನು ಮೇಲಕ್ಕೆ ತಳ್ಳುತ್ತದೆ. ಬೇರು ಹರಿದು, ಗೆಡ್ಡೆ ಬಯಲಿಗೆ ಬಿದ್ದು, ಒಣಗಾಳಿಗೆ ಸಾಯುತ್ತದೆ. ಆದ್ದರಿಂದ ಅವಳು ಹುಲ್ಲಿನ ಹೊದಿಕೆಯನ್ನು ಶರತ್ಕಾಲದಲ್ಲೇ ಹಾಕುವುದಿಲ್ಲ. ನೆಲ ಪೂರ್ತಿ ಗಟ್ಟಿಯಾದ ಮೇಲೆ ಹಾಕುತ್ತಾಳೆ. ವಸಂತದಲ್ಲಿ ಒಂದೇ ಸಲ ಕೀಳದೆ ಸ್ವಲ್ಪ ಸ್ವಲ್ಪವೇ ಸರಿಸುತ್ತಾಳೆ. ಮೇಲೆ ಹಿಮ ಬಿದ್ದರೆ ಅವಳಿಗೆ ಸಂತೋಷ. ಹಿಮಕ್ಕಿಂತ ಒಳ್ಳೆಯ ಕಂಬಳಿ ಇಲ್ಲವಂತೆ.

ಎಲ್ಲ ಐರಿಸ್‌ಗೂ ಒಂದೇ ಮದ್ದಲ್ಲ. ನೀಲಿ ಹೂವಿನ ಐರಿಸ್ ವರ್ಸಿಕಲರ್ ಆ ಸೀಮೆಯದೇ ಗಿಡ, ಅದಕ್ಕೆ ಯಾವ ಉಪಚಾರವೂ ಬೇಡ. ಕೊಳದಲ್ಲಿ ಕುಂಡ ಸಮೇತ ಇಟ್ಟ ಗಿಡಗಳನ್ನು ಆಳದ ಜಾಗಕ್ಕೆ ಇಳಿಸುತ್ತಾಳೆ. ನೀರು ಅತಿ ಭಾರವಾಗುವುದು ನಾಲ್ಕು ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದು ತಳದಲ್ಲಿ ನಿಂತು, ಮಂಜುಗಡ್ಡೆ ಮೇಲೆ ಕಟ್ಟುತ್ತದೆ. ಕೊಳ ಸಾಕಷ್ಟು ಆಳವಿದ್ದರೆ ತಳದ ಕುಂಡ ಹೆಪ್ಪುಗಟ್ಟುವುದೇ ಇಲ್ಲ. ಆದರೆ ಜಪಾನಿ ಐರಿಸ್ ಅನ್ನು ಮಾತ್ರ ಕೊಳದಿಂದ ಹೊರಗೆ ತೆಗೆದು, ಕುಂಡ ಸಮೇತ ತೋಟದ ನೆಲದಲ್ಲಿ ಹೂಳುತ್ತಾಳೆ. ಬೇಸಿಗೆಯಲ್ಲಿ ಕಾಲು ನೀರಿನಲ್ಲಿದ್ದರೆ ಹಿಗ್ಗುವ ಆ ಗಿಡ, ಮಲಗಿದಾಗ ಬುಡದಲ್ಲಿ ನೀರು ನಿಂತರೆ ಕೊಳೆಯುತ್ತದೆ. ಕುಂಡವನ್ನು ನೆಲದ ಮೇಲೆ ಬಿಟ್ಟರೂ ಅಪಾಯ. ಚಳಿ ನಾಲ್ಕೂ ಪಕ್ಕದಿಂದ ನುಗ್ಗುತ್ತದೆ. ಲೂಯಿಸಿಯಾನ ಗಿಡಗಳಲ್ಲಿ ಅವಳು ಆರಿಸಿಕೊಂಡಿರುವುದು ಬ್ರೆವಿಕೌಲಿಸ್ ಜಾತಿಯ ವಂಶದವು. ಆ ಜಾತಿ ಉತ್ತರಕ್ಕೆ ಓಹಾಯೊ ರಾಜ್ಯದವರೆಗೂ ಕಾಡಿನಲ್ಲಿ ಬೆಳೆಯುವುದರಿಂದ ಚಳಿಗೆ ಒಗ್ಗಿದೆ.

ಮುಂದಿನ ಸಲ ಊರಿಗೆ ಬರುವಾಗ ಪೆಟ್ಟಿಗೆಯಲ್ಲಿ ಎರಡು ಗೆಡ್ಡೆ ತರಲೇ ಎಂದಳು. ಹಾಗೆ ತರುವಂತಿಲ್ಲ. ಹೊರದೇಶದ ಗಿಡ, ಗೆಡ್ಡೆಗಳಿಗೆ ಆಮದು ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು. ಚಾಕೊಲೇಟ್ ತಂದರೆ ಸಾಕು ಎಂದೆ.

ಅವಳ ಮಾತಿನಿಂದ ನಾನು ತೆಗೆದುಕೊಂಡದ್ದು ಇಷ್ಟು. ಲೂಯಿಸಿಯಾನ ಐರಿಸ್ ತನ್ನ ತವರಿನಲ್ಲಿ ಶರತ್ಕಾಲದಿಂದ ಚಿಗುರಿ, ಚಳಿಗಾಲವಿಡೀ ಬೆಳೆದು, ವಸಂತದಲ್ಲಿ ಹೂಬಿಟ್ಟು, ಬಿರುಬೇಸಿಗೆಯಲ್ಲಿ ಮಂಕಾಗಿ ಮಲಗುತ್ತದೆ. ಹಾಗಿದ್ದರೆ ಮಿನಿಯಾಪೊಲಿಸ್‌ನ ಜನವರಿ ನಮಗೆ ಏಪ್ರಿಲ್. ಗಿಡ ಎಚ್ಚರವಾಗಿರುವಾಗ ನೀರು ಮೇಲಿರಬೇಕು, ಮಲಗಿದಾಗ ಕೆಳಗಿಳಿಯಬೇಕು, ಬುಡದ ಹವೆ ಏರುಪೇರಾಗಬಾರದು. ಬಿಸಿಯಾದ ನೀರಿನಲ್ಲಿ ನಿಂತ ಗೆಡ್ಡೆ, ತಣ್ಣನೆಯ ನೀರಿನಲ್ಲಿ ನಿಂತ ಗೆಡ್ಡೆಗಿಂತ ಬೇಗ ಕೊಳೆಯುತ್ತದೆ. ಹೀಗಾಗಿ ನನಗೆ ಬೇಕಾದದ್ದು ನೀರು ಹಿಡಿದಿಡುವ ತೊಟ್ಟಿಯಲ್ಲ, ನೀರಿನ ಮಟ್ಟವನ್ನು ಬೇಕಾದಂತೆ ಏರಿಸಿ ಇಳಿಸಬಹುದಾದ ತೊಟ್ಟಿ. ತೊಟ್ಟಿಯ ಕೆಲಸವೆಲ್ಲ ಈ ಒಂದು ಲೆಕ್ಕದ ಸುತ್ತ ನಡೆಯಿತು.

ತೊಟ್ಟಿಯ ಕೆಲಸ

ಸೀಳಿಗೆ ಸಿಮೆಂಟ್ ಮೆತ್ತದಿರಲು ಕಾರಣವಿದೆ. ಸಿಮೆಂಟಿನಿಂದ ಸುಣ್ಣ ನೀರಿಗೆ ಇಳಿಯುತ್ತದೆ. ಹೊಸ ಸಿಮೆಂಟಾದರೆ ಇನ್ನೂ ಹೆಚ್ಚು. ಈ ಎರಡೂ ಐರಿಸ್ ಹುಳಿ ಮಣ್ಣಿನ ಗಿಡಗಳು. ಅದರಲ್ಲೂ ಜಪಾನಿ ಐರಿಸ್‌ಗೆ ಸುಣ್ಣವೆಂದರೆ ವಿಷ. ಹಾಗಾಗಿ ಒಳಗಡೆ ಪೂರ್ತಿ ಸಿಲ್ಪಾಲಿನ್ ಎಂಬ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸುವುದೆಂದು ನಿಶ್ಚಯವಾಯಿತು. ನೀರನ್ನು ಹಾಳೆ ಹಿಡಿದುಕೊಳ್ಳುತ್ತದೆ, ಗೋಡೆ ಮಣ್ಣಿನ ಭಾರ ತಡೆದರೆ ಸಾಕು. ಸೀಳಿದ ಗೋಡೆಗೆ ಅದೂ ಕಷ್ಟವಾಗಬಾರದೆಂದು ಹೊರಗಡೆ ಎರಡು ಕಲ್ಲು ಚಪ್ಪಡಿಗಳನ್ನು ಆನಿಸಿ ನಿಲ್ಲಿಸಿ, ಮಣ್ಣು ಏರಿಸಿದೆವು. ಅದೇ ಮಣ್ಣನ್ನು ಪಡುವಣ ಗೋಡೆಗೂ ಏರಿಸಲು ಹೇಳಿದಾಗ ಮೇಸ್ತ್ರಿ ನಕ್ಕರು. ಆ ಗೋಡೆ ಗಟ್ಟಿಯಾಗಿಯೇ ಇತ್ತು. ನನಗೆ ಬೇಕಾಗಿದ್ದದ್ದು ಬಲವಲ್ಲ, ತಂಪು. ಬೇಸಿಗೆಯ ಮಧ್ಯಾಹ್ನದ ಬಿಸಿಲು ಬರಿಯ ಸಿಮೆಂಟ್ ಗೋಡೆಗೆ ಬಡಿದರೆ ಒಳಗಿನ ಮಣ್ಣು ಪಕ್ಕದಿಂದಲೇ ಕಾಯುತ್ತದೆ. ನೆಲದ ಮೇಲಿನ ಕುಂಡಕ್ಕೆ ಚಳಿ ನುಗ್ಗುವ ದಾರಿಯೂ ಅದೇ ಅಲ್ಲವೇ.

ಹಾಳೆ ಹಾಸುವ ಮೊದಲು ಒಳಗೋಡೆಯ ಚೂಪು ಮೂಲೆಗಳನ್ನು ಉಳಿಯಿಂದ ಸವರಿಸಿ, ಹಳೆಯ ಗೋಣಿಚೀಲಗಳನ್ನು ಎರಡು ಪದರ ಹರಡಿದೆ. ಹಾಳೆಯನ್ನು ಬಿಗಿಯಾಗಿ ಎಳೆಯದೆ ಮೂಲೆಗಳಲ್ಲಿ ಮಡಿಕೆ ಬಿಟ್ಟು ಕೂರಿಸಬೇಕು. ಬಿಗಿಯಾಗಿದ್ದರೆ ಮಣ್ಣಿನ ಭಾರಕ್ಕೆ ಮೂಲೆಯಲ್ಲೇ ಹರಿಯುತ್ತದೆ.

ಮುಂದಿನದು ಮುಖ್ಯ ಕೆಲಸ. ತೆಂಕಣ ಗೋಡೆಯಲ್ಲಿ ತಳಕ್ಕೆ ತಾಗಿದಂತೆ ಒಂದು ತೂತು ಕೊರೆಸಿ, ಹಾಳೆಯ ಎರಡೂ ಕಡೆ ರಬ್ಬರ್ ವಾಷರ್ ಕೊಟ್ಟು ಪೈಪು ಜೋಡಿಸುವ ಟ್ಯಾಂಕ್ ನಿಪ್ಪಲ್ ಬಿಗಿಸಿದೆವು. ಹಾಳೆಯಲ್ಲಿ ತೂತನ್ನು ನಿಪ್ಪಲಿಗಿಂತ ಚಿಕ್ಕದಾಗಿಯೇ ಕತ್ತರಿಸಬೇಕು. ಎಳೆದು ತೂರಿಸಿದರೆ ಅಂಚು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಹೊರಗಿನ ತಿರುಪಿಗೆ ಟೆಫ್ಲಾನ್ ಟೇಪ್ ಸುತ್ತಿ ಒಂದು ಎಲ್ಬೋ (ಮೊಣಕೈಯಂತೆ ಬಾಗಿದ ಜೋಡಣೆ), ಆ ಎಲ್ಬೋಗೆ ಹದಿನೆಂಟು ಇಂಚಿನ ಪಿವಿಸಿ ಪೈಪ್. ಎಲ್ಬೋಗೂ ನಿಪ್ಪಲಿಗೂ ನಡುವೆ ಅಂಟು ಹಾಕಲಿಲ್ಲ. ಪೈಪನ್ನು ನೆಟ್ಟಗೆ ನಿಲ್ಲಿಸಿದರೆ ಒಳಗಿನ ನೀರು ತಳದಿಂದ ಹದಿನೆಂಟು ಇಂಚಿನವರೆಗೆ ನಿಲ್ಲುತ್ತದೆ, ಹೆಚ್ಚಿನ ಮಳೆನೀರು ಪೈಪಿನ ಬಾಯಿಂದ ತಾನೇ ಹೊರಗೆ ಹೋಗುತ್ತದೆ. ಪೈಪನ್ನು ಓರೆ ಮಾಡಿದಷ್ಟೂ ಮಟ್ಟ ಇಳಿಯುತ್ತದೆ. ಪೂರ್ತಿ ಮಲಗಿಸಿದರೆ ತೊಟ್ಟಿ ಬಸಿದುಹೋಗುತ್ತದೆ. ಕವಾಟವಿಲ್ಲ, ಕೀಲಿಯಿಲ್ಲ. ಪೈಪನ್ನು ಓರೆಯಾಗಿ ಹಿಡಿದಿಡಲು ಗೋಡೆಯಲ್ಲಿ ಎರಡು ಮೊಳೆ, ಒಂದು ತುಂಡು ತಂತಿ. ಇದನ್ನು ನೋಡಿ ತಾತ, "ನಮ್ಮ ಗದ್ದೆಯ ಮಡವೆಯನ್ನು ಪೈಪಿನಲ್ಲಿ ಮಾಡಿದ್ದೀರಿ" ಎಂದರು. ನೀರು ಬಿಡಲು, ತಡೆಯಲು ಬದುವಿನಲ್ಲಿ ಇಡುವ ಬಾಯಿಯೇ ಮಡವೆ. ಬಜೆಗೂ ಮೊದಲು ತೆಳುವಾಗಿ ನೀರು ನಿಲ್ಲಿಸಿ, ಬೆಳೆದಂತೆ ಹೆಚ್ಚಿಸಿ, ಗೆಡ್ಡೆ ಕೀಳುವ ಮೊದಲು ಗದ್ದೆ ಒಣಗಿಸುತ್ತಾರೆ. ಅವರಿಗೆ ನಾನು ಹೊಸದೇನನ್ನೂ ಹೇಳಿದಂತಾಗಲಿಲ್ಲ.

ತಳದಲ್ಲಿ ಆರು ಇಂಚು ಜಲ್ಲಿ. ನಮ್ಮ ಕಡೆಯ ಜಲ್ಲಿ ಕರಿಕಲ್ಲಿನದು, ಸುಣ್ಣದ ಭಯವಿಲ್ಲ. ಆದರೂ ಕ್ರಷರ್‌ನ ಪುಡಿ ಹೋಗುವ ಹಾಗೆ ತೊಳೆದು ಹಾಕಿದೆ. ಜಲ್ಲಿಯ ಸಂದುಗಳಲ್ಲಿ ಇನ್ನೂರು ಲೀಟರಿಗೂ ಸ್ವಲ್ಪ ಹೆಚ್ಚು ನೀರು ಹಿಡಿಯುತ್ತದೆ. ಬೇಸಿಗೆಯಲ್ಲಿ ದಿನಕ್ಕೆ ಆರು ಮಿಲಿಮೀಟರ್ ಆವಿಯಾಗುತ್ತದೆಂದು ಹಿಡಿದರೆ ನಲವತ್ತು ಚದರ ಅಡಿಯ ಈ ಪಾತಿ ಇಪ್ಪತ್ತೆರಡು ಲೀಟರ್ ಕುಡಿಯುತ್ತದೆ. ಅಂದರೆ ಒಮ್ಮೆ ತುಂಬಿದರೆ ವಾರದ ಮೇಲೆ ಚಿಂತೆಯಿಲ್ಲ. ಮದುವೆ, ಜಾತ್ರೆ ಎಂದು ಊರು ಬಿಡಬೇಕಾದವರಿಗೆ ಇದು ಸಣ್ಣ ಸಮಾಧಾನವಲ್ಲ.

ಒಂದು ತೊಡಕಿದೆ. ದಪ್ಪ ಜಲ್ಲಿಯ ಮೂಲಕ ನೀರು ತಾನಾಗಿ ಮೇಲೆ ಹತ್ತುವುದಿಲ್ಲ. ಜೌಗು ಪಾತಿಗೆ ಜಲ್ಲಿ ಹಾಸಿ ಎಂದು ಹೇಳುವ ಎಷ್ಟೋ ಜನ ಈ ಮಾತನ್ನು ಹೇಳುವುದಿಲ್ಲ. ನೀರಿನ ಮಟ್ಟ ಜಲ್ಲಿಯೊಳಗೆ ಇಳಿದ ಕೂಡಲೇ ಮೇಲಿನ ಮಣ್ಣಿಗೂ ನೀರಿಗೂ ಸಂಬಂಧ ಕಡಿದುಹೋಗುತ್ತದೆ. ಕೆಳಗೆ ಕೊಡಗಟ್ಟಲೆ ನೀರಿದ್ದರೂ ಮೇಲೆ ಗಿಡ ಬಾಡುತ್ತದೆ. ಇದಕ್ಕೆ ಉಪಾಯವಾಗಿ ಸಂತೆಯಿಂದ ಸಣ್ಣ ಬಿದಿರ ಮಂಕರಿಗಳನ್ನು ತಂದು, ಮಣ್ಣು ಮತ್ತು ನಾರಿನ ಪುಡಿಯ ಮಿಶ್ರಣವನ್ನು ಒತ್ತಿ ತುಂಬಿ, ಜಲ್ಲಿ ಸುರಿಯುವ ಮೊದಲೇ ತಳದ ಹಾಳೆಯ ಮೇಲೆ ಅಲ್ಲಲ್ಲಿ ಇಟ್ಟೆ. ಸುತ್ತ ಜಲ್ಲಿ, ನಡುವೆ ಮಣ್ಣಿನ ಕಂಬಗಳು. ನೀರು ಆ ಕಂಬಗಳ ಮೂಲಕ ಮೇಲಕ್ಕೆ ಏರುತ್ತದೆ. ಬಿದಿರು ಕೆಲವು ವರ್ಷಗಳಲ್ಲಿ ಕೊಳೆಯುತ್ತದೆ, ಕೊಳೆಯಲಿ. ಅಷ್ಟರಲ್ಲಿ ಮಣ್ಣು ನೆಲೆನಿಂತಿರುತ್ತದೆ. ಮಂಕರಿಯ ಬಾಯಿ ಬಿಟ್ಟು ಉಳಿದ ಜಲ್ಲಿಯ ಮೇಲೆ ಹಳೆಯ ನೆರಳುಬಲೆಯ ತುಂಡುಗಳನ್ನು ಹರಡಿದೆ, ಮೇಲಿನ ಮಣ್ಣು ಸಂದಿಗೆ ಇಳಿಯದಿರಲೆಂದು. ಒಂದು ಮೂಲೆಯಲ್ಲಿ ಮೂರಿಂಚಿನ ಪೈಪನ್ನು ತೂತು ಕೊರೆದು ಜಲ್ಲಿಯವರೆಗೆ ಇಳಿಬಿಟ್ಟಿದ್ದೇನೆ. ನೀರು ಹಾಕುವುದು ಅದರಲ್ಲೇ, ಕೋಲು ಅದ್ದಿ ಮಟ್ಟ ನೋಡುವುದೂ ಅದರಲ್ಲೇ. ಬಾಯಿಗೆ ಸೊಳ್ಳೆಬಲೆ ಕಟ್ಟಿದೆ. ಮಣ್ಣಿನ ಮೇಲೆ ನೀರು ಎಲ್ಲಿಯೂ ಕಾಣದ ಕಾರಣ ಪಾತಿಯಲ್ಲಿ ಸೊಳ್ಳೆ ಹುಟ್ಟುವುದಿಲ್ಲ. ಪೈಪು ತೆರೆದಿದ್ದರೆ ಮಾತ್ರ ಡೆಂಗಿಗೆ ಬಾಗಿಲು ತೆರೆದಂತೆ.

ಮಣ್ಣು ಮತ್ತು ನೀರು

ಜಲ್ಲಿಯ ಮೇಲೆ ಹದಿನೈದು ಇಂಚು ಮಣ್ಣು, ಅದರ ಮೇಲೆ ಅಂಚಿನವರೆಗೆ ಮೂರಿಂಚು ಜಾಗ. ಪೈಪು ನೆಟ್ಟಗಿದ್ದಾಗ ನೀರು ಮಣ್ಣಿನ ಮೇಲ್ಮೈಗಿಂತ ಮೂರಿಂಚು ಕೆಳಗೆ ನಿಲ್ಲುತ್ತದೆ.

ಕೆರೆಯ ಗೋಡು ಹಾಕಿ ಎಂದರು ತಾತ. ಗೋಡಿನಷ್ಟು ಸಾರವಾದ ಮಣ್ಣಿಲ್ಲ, ನಿಜ. ತಂದ ಗೋಡಿನ ಒಂದು ಹಿಡಿಯನ್ನು ತಟ್ಟೆಯಲ್ಲಿಟ್ಟು ವಿನಿಗರ್ ಸುರಿದು ನೋಡಿದೆ. ಸಣ್ಣಗೆ ಚುರುಗುಟ್ಟಿ ನೊರೆ ಎದ್ದಿತು. ನೊರೆ ಎದ್ದರೆ ಮಣ್ಣಿನಲ್ಲಿ ಸುಣ್ಣವಿದೆ ಎಂದರ್ಥ. ಆ ಗೋಡು ತೆಂಗಿನ ಬುಡಕ್ಕೆ ಹೋಯಿತು. ನಮ್ಮ ಹೊಲದ ಕೆಮ್ಮಣ್ಣಿಗೆ ಸುರಿದಾಗ ಏನೂ ಆಗಲಿಲ್ಲ. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಕೊಳೆತ ಎಲೆಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ, ಮೇಲಿಷ್ಟು ಹಳೆಯ ಕೊಟ್ಟಿಗೆ ಗೊಬ್ಬರ, ಬೊಗಸೆಗಟ್ಟಲೆ ಹೊಂಗೆ ಹಿಂಡಿ. ಚಳಿನಾಡಿನವರು ಪೀಟ್ ಎಂಬ ಜೌಗುನೆಲದ ಕೊಳೆತ ಪಾಚಿ ಬಳಸುವ ಕಡೆ ನಮಗೆ ನಾರಿನ ಪುಡಿ. ತಿಪಟೂರಿನ ಜಿಲ್ಲೆಯಲ್ಲಿದ್ದು ತೆಂಗಿನ ನಾರಿಗೆ ಬರವೇ? ಆದರೆ ಅದನ್ನು ತೊಳೆಯದೆ ಬಳಸಬಾರದು, ಉಪ್ಪಿನಂಶ ಇರುತ್ತದೆ. ಡ್ರಮ್ಮಿನಲ್ಲಿ ನೆನೆಸಿ, ಬಸಿದು, ಮತ್ತೆ ನೆನೆಸಿ, ಬಸಿದ ನೀರಿನ ಕಂದು ಬಣ್ಣ ತಿಳಿಯಾಗುವವರೆಗೆ ತೊಳೆದೆ. ಒಲೆಯ ಬೂದಿ ಮತ್ತು ಮೂಳೆಗೊಬ್ಬರವನ್ನು ಈ ಪಾತಿಯ ಹತ್ತಿರಕ್ಕೂ ತರಬಾರದು. ಎರಡೂ ಹುಳಿಯನ್ನು ಮುರಿಯುತ್ತವೆ. ಬೂದಿ ಎರಚುವುದು ನಮ್ಮ ಮನೆಯಲ್ಲಿ ಎಲ್ಲರ ಕೈಗೂ ಅಂಟಿದ ಅಭ್ಯಾಸವಾದ್ದರಿಂದ ಇದನ್ನು ಆಗಾಗ ಹೇಳುತ್ತಲೇ ಇರಬೇಕಾಗಿದೆ.

ಮಣ್ಣು ಸರಿಯಿದ್ದು ನೀರು ಸರಿಯಿಲ್ಲದಿದ್ದರೆ ಎಲ್ಲ ವ್ಯರ್ಥ. ನಮ್ಮ ಕೊಳವೆಬಾವಿಯ ನೀರು ಕಾಯಿಸಿದ ಪಾತ್ರೆಯಲ್ಲಿ ಬಿಳಿ ಚಕ್ಕೆ ಕಟ್ಟುತ್ತದೆ. ಹುಳಿ ಅಳೆಯುವ, ಲಿಟ್ಮಸ್ ಮಾದರಿಯ ಪಿಎಚ್ ಪಟ್ಟಿ ಅದ್ದಿದರೆ ಎಂಟರ ಆಸುಪಾಸು ತೋರಿಸುತ್ತದೆ. ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಈ ಗಿಡಗಳಿಗೆ ಬೇಕಾದದ್ದು ಆರು, ಆರೂವರೆ. ಗಡಸು ನೀರನ್ನೇ ಹಾಕುತ್ತ ಹೋದರೆ ನೀರು ಆವಿಯಾಗಿ ಸುಣ್ಣ ಉಳಿದು, ಎಷ್ಟೇ ಹುಳಿ ಮಣ್ಣಾದರೂ ತಿರುಗಿಬೀಳುತ್ತದೆ. ಕೊಟ್ಟಿಗೆಯ ಹೆಂಚಿನ ಮಾಡಿಗೆ ದೋಣಿ ಕಟ್ಟಿಸಿ ಡ್ರಮ್ಮುಗಳಿಗೆ ಮಳೆನೀರು ಇಳಿಸಿದೆ. ನಲವತ್ತು ಚದರ ಮೀಟರ್ ಮಾಡಿನ ಮೇಲೆ ಇಪ್ಪತ್ತೈದು ಮಿಲಿಮೀಟರ್ ಮಳೆ ಬಿದ್ದರೆ ಸಾವಿರ ಲೀಟರ್. ಸೋರಿದ್ದು ಚೆಲ್ಲಿದ್ದು ಕಳೆದರೂ ಎಂಟುನೂರಕ್ಕೆ ಮೋಸವಿಲ್ಲ. ಸೆಪ್ಟೆಂಬರ್, ಅಕ್ಟೋಬರ್ ನಮ್ಮ ಜಿಲ್ಲೆಯ ಒಳ್ಳೆಯ ಮಳೆಯ ತಿಂಗಳುಗಳು. ಆಗ ತುಂಬಿದ್ದನ್ನು ಜೋಪಾನವಾಗಿ ಬಳಸಿ, ಬೇಸಿಗೆಯಲ್ಲಿ ತೀರಾ ಅಗತ್ಯ ಬಿದ್ದಾಗ ಮಾತ್ರ ಕೊಳವೆಬಾವಿಯದನ್ನು ಅರ್ಧ ಬೆರೆಸುತ್ತೇನೆ. ಮೊದಲ ಮಳೆ ಬಿದ್ದ ಕೂಡಲೇ ಪೈಪನ್ನು ಮಲಗಿಸಿ, ಪಾತಿಯನ್ನು ಪೂರ್ತಿ ಬಸಿದು, ಮಳೆನೀರಿನಿಂದಲೇ ಮತ್ತೆ ತುಂಬುತ್ತೇನೆ. ಕೂಡಿಬಿದ್ದ ಸುಣ್ಣ, ಉಪ್ಪು ಆಗ ತೊಳೆದುಹೋಗುತ್ತದೆ. ತಳದಲ್ಲಿ ತೂತಿಲ್ಲದ ಪಾತಿಯಲ್ಲಿ ಈ ಅನುಕೂಲ ಇಲ್ಲ.

ನೆಟ್ಟದ್ದು, ಬೆಳೆದದ್ದು

ನೆಟ್ಟದ್ದು ಸೆಪ್ಟೆಂಬರ್ ಕೊನೆಗೆ. ದಾಡಿ ಐರಿಸ್ ಎಂಬ ಒಣನೆಲದ ಜಾತಿಗೆ ಗೆಡ್ಡೆಯ ಬೆನ್ನು ಬಿಸಿಲಿಗೆ ಕಾಣುವಂತೆ ನೆಡಬೇಕೆನ್ನುತ್ತಾರೆ. ಐರಿಸ್ ಎಂದರೆ ಅದೇ ಎಂದುಕೊಂಡು ಎಲ್ಲದಕ್ಕೂ ಹಾಗೆಯೇ ಮಾಡುವವರಿದ್ದಾರೆ. ಜೌಗಿನವಕ್ಕೆ ಇದು ಪೂರಾ ತಿರುಗುಮುರುಗು. ಗೆಡ್ಡೆಯ ಮೇಲೆ ಒಂದೆರಡು ಇಂಚು ಮಣ್ಣು ಇರಬೇಕು, ಬಿಸಿಲು ತಾಗಿದರೆ ಬೇಯುತ್ತದೆ. ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ. ನೆಡುವ ಮೊದಲು ಪ್ರತಿ ಗೆಡ್ಡೆಯನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಒಳ್ಳೆಯದು ಹಸಿ ಶುಂಠಿಯಂತೆ ಗಟ್ಟಿಯಾಗಿರುತ್ತದೆ. ಬೆರಳು ಒಳಗಿಳಿದು ನಾತ ಬಂದರೆ ಬಿಳಿ ಮಾಂಸ ಕಾಣುವವರೆಗೆ ಕೊಯ್ದು, ನೆರಳಿನಲ್ಲಿ ಒಣಗಿಸಿ ನೆಡಬೇಕು.

ಸುತ್ತ ತಂತಿಬಲೆ ಹಾಕುವುದು ಅನಿವಾರ್ಯವಾಗಿತ್ತು. ಐರಿಸ್ ದನಕರುಗಳಿಗೆ ಆಗದ ಗಿಡ, ಗೆಡ್ಡೆಯಂತೂ ವಿಷವೇ. ನಮ್ಮಲ್ಲಿ ದನವಿಲ್ಲ, ಆದರೆ ನೀರಿನ ತೊಟ್ಟಿ ಎಂದು ನೆನಪಿಟ್ಟುಕೊಂಡು ಬರುವ ಪಕ್ಕದ ಮನೆಯ ಹಸು ಇದೆ.

ಅಕ್ಟೋಬರ್‌ನಿಂದ ಫೆಬ್ರವರಿಯವರೆಗೆ ಲೂಯಿಸಿಯಾನ ಗಿಡಗಳ ಬೆಳವಣಿಗೆಗೆ ನಾನು ಮಾಡಬೇಕಾದದ್ದು ಹೆಚ್ಚಿರಲಿಲ್ಲ. ಪೈಪು ನೆಟ್ಟಗಿತ್ತು, ಮಣ್ಣು ಒದ್ದೆಯಾಗಿತ್ತು. ನವೆಂಬರ್‌ನಲ್ಲಿ ಜಪಾನಿ ಐರಿಸ್‌ನ ಹೊಸ ಎಲೆಗಳಲ್ಲಿ ಉದ್ದುದ್ದಕ್ಕೆ ಹಸಿರು ಗೀರು, ಹಳದಿ ಗೀರು ಕಾಣಿಸಿತು. ಹಳೆಯ ಎಲೆಗಳು ಹಸಿರಾಗಿಯೇ ಇದ್ದವು. ಹಳದಿ ಹೊಸ ಎಲೆಯಲ್ಲಿ ಮೊದಲು ಬಂದರೆ ಕಬ್ಬಿಣದ ಕೊರತೆ, ಹಳೆಯ ಎಲೆಯಲ್ಲಿ ಮೊದಲು ಬಂದರೆ ಸಾರಜನಕದ ಕೊರತೆ. ತೋಟದವರೆಲ್ಲ ಬಲ್ಲ ಲೆಕ್ಕ. ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ, ಕೆಮ್ಮಣ್ಣಿನ ಕೆಂಪೇ ಅದು. ಸುಣ್ಣದ ಅಂಶ ಏರಿದಾಗ ಬೇರಿಗೆ ಅದು ದಕ್ಕುವುದಿಲ್ಲ. ಗೊಬ್ಬರದ ಅಂಗಡಿಯಲ್ಲಿ ಸಿಗುವ ಬೇರಿಗೆ ಸುಲಭವಾಗಿ ದಕ್ಕುವ ಕೀಲೇಟ್ ರೂಪದ ಕಬ್ಬಿಣವನ್ನು ಮಳೆನೀರಿನಲ್ಲಿ ಕದಡಿ ಬುಡಕ್ಕೆ ಹಾಕಿದೆ. ಮುಂದಿನ ಎಲೆಗಳು ಹಸಿರಾಗಿ ಬಂದವು. ಗೀರು ಬಿದ್ದವು ಹಾಗೆಯೇ ಉಳಿದವು.

ಫೆಬ್ರವರಿ ಕೊನೆಗೆ ಲೂಯಿಸಿಯಾನದ ಒಂದು ಬುಡದಿಂದ ಹೂಕಡ್ಡಿ ಎದ್ದಿತು. ಕಡು ನೇರಳೆ. ಹೊರಗಿನ ಎಸಳುಗಳ ಬುಡದಲ್ಲಿ ಗೆರೆ ಎಳೆದಂತೆ ಹಳದಿ ಗುರುತು. ಒಂದು ಹೂವು ಬಾಡುವಷ್ಟರಲ್ಲಿ ಅದೇ ಕಡ್ಡಿಯ ಇನ್ನೊಂದು ಮೊಗ್ಗು ಬಿರಿಯುತ್ತಿತ್ತು. ಉಳಿದ ಬುಡಗಳು ಎಲೆ ಮಾತ್ರ ಕೊಟ್ಟವು, ಮೊದಲ ವರ್ಷಕ್ಕೆ ಅದು ಸಹಜ. ತಾತ ಬಂದು ನೋಡಿ, ಇದರ ಗೆಡ್ಡೆಗೆ ಮಂಡಿಯಲ್ಲಿ ಎಷ್ಟು ಸಿಗುತ್ತದೆ ಎಂದು ಕೇಳಿದರು. ಏನೂ ಸಿಗುವುದಿಲ್ಲ ಎಂದೆ. "ಹಾಗಾದರೆ ಇದು ದೇವರ ಪಟದ ಕೆಲಸ" ಎಂದು ಹೊರಟರು.

ಬೇಸಿಗೆ

ಮಾರ್ಚ್ ಎರಡನೆಯ ವಾರದಿಂದ ಪೈಪನ್ನು ಸ್ವಲ್ಪ ಸ್ವಲ್ಪವೇ ಓರೆ ಮಾಡುತ್ತ ಬಂದೆ. ಏಪ್ರಿಲ್ ಹೊತ್ತಿಗೆ ನೀರು ಜಲ್ಲಿಯ ಪದರಕ್ಕೆ ಇಳಿದಿತ್ತು. ಮೇಲಿನ ಮಣ್ಣು ಮುಟ್ಟಿದರೆ ತಂಪು, ಹಿಂಡಿದರೆ ನೀರು ಬಾರದು. ಮಂಕರಿಯ ಕಂಬಗಳು ಕೆಲಸ ಮಾಡುತ್ತಿವೆ ಎಂಬುದಕ್ಕೆ ಬೇರೆ ಪುರಾವೆ ಬೇಕಿರಲಿಲ್ಲ. ಮೇಲೆ ಅರ್ಧ ಬಿಸಿಲು 'ಸೋಸುವ' ಹಸಿರು ನೆರಳುಬಲೆ ಕಟ್ಟಿದೆ. ಪಡುವಣ ಕಡೆಗೆ ಮಣ್ಣಿನ ಏರಿಯ ಮೇಲೂ ತೆಂಗಿನ ಗರಿ ಒರಗಿಸಿದೆ.

ಹೊದಿಕೆಗೆ ರಾಗಿ ಹುಲ್ಲು, ನಾಲ್ಕು ಇಂಚು ದಪ್ಪ. ಇಲ್ಲಿ ಮಿನಿಯಾಪೊಲಿಸ್‌ನ ಮಾತು ನೆನಪಿಟ್ಟುಕೊಂಡೆ: ಹೊದಿಕೆ ಇರುವುದು ಆಗಿರುವ ಹವೆಯನ್ನು ಹಾಗೆಯೇ ಹಿಡಿದಿಡಲು. ಕಾದ ಮಣ್ಣಿನ ಮೇಲೆ ಹಾಕಿದರೆ ಕಾವನ್ನೇ ಹಿಡಿದಿಡುತ್ತದೆ. ಆದ್ದರಿಂದ ಮಣ್ಣು ಕಾಯುವ ಮೊದಲೇ, ಮಾರ್ಚ್ ಆರಂಭದಲ್ಲಿ, ಬೆಳಗಿನ ಜಾವ ತಂಪಿದ್ದಾಗ ಹಾಸಿದೆ. ಅಡುಗೆಮನೆಯ ಹಾಲಿನ ಥರ್ಮಾಮೀಟರನ್ನು ಹುಲ್ಲಿನಡಿ ಮಣ್ಣಿಗೆ ಚುಚ್ಚಿ, ಮಧ್ಯಾಹ್ನ ಮೂರು ಗಂಟೆಗೆ ತೆಗೆದು ನೋಡುತ್ತಿದ್ದೆ. ಪಕ್ಕದ ಬರಿ ನೆಲ ಬರಿಗಾಲಿಗೆ ಸುಡುತ್ತಿದ್ದ ದಿನಗಳಲ್ಲೂ ಹುಲ್ಲಿನಡಿ ಮೂವತ್ತು ಡಿಗ್ರಿಯನ್ನು ದಾಟಲಿಲ್ಲ. ಗೆಡ್ಡೆಗೆ ತೀರಾ ತಾಗಿದಂತೆ ಹುಲ್ಲು ಒತ್ತಬಾರದು, ಅಂಗೈ ಅಗಲ ಬಿಡಬೇಕು. ಗೆದ್ದಲು ಬಂದೀತೆಂದು ಬೇವಿನ ಹಿಂಡಿ ಉದುರಿಸಿದೆ.

ಮೇ ತಿಂಗಳಲ್ಲಿ ಎಲೆಗಳು ತುದಿಯಿಂದ ಒಣಗುತ್ತ ಬಂದು ಅರ್ಧಕ್ಕರ್ಧ ಬಿದ್ದವು. ಈ ಹಂತದಲ್ಲಿ ಕೈ ತುರಿಸುತ್ತದೆ. ಇನ್ನಷ್ಟು ನೀರು ಹಾಕೋಣ, ಒಂದು ಹಿಡಿ ಗೊಬ್ಬರ ಕೊಡೋಣ ಎನ್ನಿಸುತ್ತದೆ. ಎರಡೂ ಕೂಡದು. ಗಿಡ ಮಲಗಿದೆ. ಮಿನಿಯಾಪೊಲಿಸ್‌ನಲ್ಲಿ ಐರಿಸ್ ಕೊರೆಯುವ ಹುಳುವಿನ ಮೊಟ್ಟೆಗಳು ಎಲೆಯಲ್ಲೇ ಚಳಿಗಾಲ ಕಳೆಯುವುದರಿಂದ ತಮ್ಮನ ಮಗಳು ಎಲೆಗಳನ್ನು ಬುಡದ ಹತ್ತಿರಕ್ಕೆ ಕತ್ತರಿಸಿ ಹೊರಗೆ ಹಾಕುತ್ತಾಳೆ. ನಮ್ಮಲ್ಲಿ ಆ ಹುಳು ಇಲ್ಲ. ಒಣಗಿದ ಎಲೆಯನ್ನಷ್ಟೇ ಕಿತ್ತೆ, ಹಸಿರಿದ್ದದ್ದನ್ನು ಬಿಟ್ಟೆ. ಗೆಡ್ಡೆಗೆ ಅದೇ ನೆರಳು.

ಕಾಟ ಕೊಟ್ಟದ್ದು ಬಿಸಿಲಲ್ಲ, ಹೆಗ್ಗಣ. ತೊಟ್ಟಿಯ ಅಂಚಿನ ಮೇಲೆ ಮಡಚಿಬಿಟ್ಟ ಹಾಳೆಯನ್ನು ಒಂದು ಕಡೆ ಕಡಿದು ಹಾಕಿತ್ತು. ನೀರಿನ ಮಟ್ಟಕ್ಕಿಂತ ಮೇಲಿದ್ದುದರಿಂದ ಸೋರಲಿಲ್ಲ. ಆ ಭಾಗಕ್ಕೆ ಹಾಳೆಯದೇ ತುಂಡನ್ನು ಅಂಟಿಸಿ, ಅಂಚಿನುದ್ದಕ್ಕೂ ಕಡಪ ಕಲ್ಲಿನ ಪಟ್ಟಿಗಳನ್ನು ಕೂರಿಸಿದೆವು. ಬಿಸಿಲಿಗೆ ಹಾಳೆ ಪುಡಿಯಾಗುವುದೂ ಇದರಿಂದ ತಪ್ಪಿತು. ಕಡಪ ಕಲ್ಲು ಸುಣ್ಣದ ಜಾತಿಯ ಕಲ್ಲು. ಅದರ ಮೇಲೆ ಬಿದ್ದ ನೀರು ಪಾತಿಗೆ ಇಳಿಯದಂತೆ ಹೊರಕ್ಕೆ ವಾಟ ಕೊಟ್ಟಿದೆ. ಹೊಸದಾಗಿ ಮಾಡುವವರು ಕರಿಕಲ್ಲನ್ನೇ ಹಾಕುವುದು ಲೇಸು, ನಮ್ಮಲ್ಲಿ ಮನೆಕಟ್ಟಿದಾಗ ಉಳಿದದ್ದು ಇತ್ತು.

ಜೂನ್‌ನಲ್ಲಿ ಎರಡು ಒಳ್ಳೆಯ ಮಳೆಯಾದ ಮೇಲೆ ಹುಲ್ಲು ಸರಿಸಿ ನೋಡಿದೆ. ಲೂಯಿಸಿಯಾನದ ಗೆಡ್ಡೆಗಳೆಲ್ಲ ಗಟ್ಟಿ, ಪಕ್ಕದಲ್ಲಿ ನಸುಗೆಂಪು ಮೊಳಕೆ. ಜಪಾನಿ ಐರಿಸ್ ಬದುಕಿದೆ, ಆದರೆ ಬುಡ ಹಿಗ್ಗಿಲ್ಲ, ಹೂವಿನ ಮಾತಂತೂ ಇಲ್ಲ. ಅದು ಚಳಿಯಲ್ಲಿ ಮಲಗಿ ಏಳಬೇಕಾದ ಗಿಡ. ನಮ್ಮ ಡಿಸೆಂಬರ್ ಅದಕ್ಕೆ ಸಾಲದು ಎಂಬುದು ನನ್ನ ತೀರ್ಮಾನ. ಈ ಸೀಮೆಯಲ್ಲಿ ಜೌಗು ಐರಿಸ್ ಬೇಕೆನ್ನುವವರು ದುಡ್ಡು, ಮಳೆನೀರು ಎರಡನ್ನೂ ಲೂಯಿಸಿಯಾನದ ಮೇಲೆ ಹಾಕಲಿ. ಜಪಾನಿಯನ್ನು ಕುಂಡಕ್ಕೆ ತೆಗೆದಿದ್ದೇನೆ. ಗೆಡ್ಡೆ ಕೊಟ್ಟ ಬೆಂಗಳೂರಿನವರು ಅದನ್ನು ಊಟಿಯಲ್ಲಿರುವ ತಮ್ಮ ತಂಗಿಯ ಮನೆಗೆ ಒಯ್ಯುತ್ತಾರಂತೆ.

ಖಾಲಿಯಾದ ಆ ಮೂಲೆಗೆ ತಾತ ಬಜೆಯ ತುಂಡುಗಳನ್ನು ಕೊಟ್ಟಿದ್ದಾರೆ. ಬಜೆಗೆ ಬೇಸಿಗೆಯಲ್ಲೂ ನೀರು ಬೇಕು, ಐರಿಸ್‌ಗೆ ಬೇಡ. ಒಂದೇ ತೊಟ್ಟಿಯಲ್ಲಿ ಎರಡು ಮಟ್ಟ ಇಡಬೇಕಾದರೆ ನಡುವೆ ಹಾಳೆಯ ಗೋಡೆಯೊಂದನ್ನು ಎಬ್ಬಿಸಿ, ಆ ಮೂಲೆಗೆ ಬೇರೆಯೇ ನಿಪ್ಪಲ್ ಕೂರಿಸಬೇಕು. ಮೇಸ್ತ್ರಿಗೆ ಹೇಳಿಕಳಿಸಿದ್ದೇನೆ.